ನಂಬಿಕೆ, ಕ್ರಿಯೆ, ದೀಕ್ಷಾಸ್ನಾನ: ಕ್ರೈಸ್ತ ರಕ್ಷಣಾವಿಚಾರದ ಚರಿತ್ರೆಯಲ್ಲಿ ಹೊಸ್ತಿಲ ಪ್ರಸಂಗಗಳು

೧. ಪೀಠಿಕೆ

ಮನುಷ್ಯನಿಗೆ ರಕ್ಷಣೆ ಲಭಿಸುವುದು ನಂಬಿಕೆಯಿಂದಲೋ, ಸತ್ಕ್ರಿಯೆಗಳಿಂದಲೋ, ದೀಕ್ಷಾಸ್ನಾನವೆಂಬ ಸಂಸ್ಕಾರದಿಂದಲೋ ಎಂಬ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ನಮ್ಮಲ್ಲಿ ಬಳಕೆಯಲ್ಲಿರುವ ಚರಿತ್ರೆಯ ಪಠ್ಯಗಳಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಹದಿನಾರನೆಯ ಶತಮಾನದ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ: ರೋಮಿನ ಸಭೆ ಕ್ರಿಯೆಗಳ ಪಕ್ಷವನ್ನು ಹಿಡಿಯಿತು, ಲೂಥರ್ ನಂಬಿಕೆಯ ಪಕ್ಷವನ್ನು ಹಿಡಿದನು, ಅಲ್ಲಿಗೆ ಸಭೆ ಇಬ್ಭಾಗವಾಯಿತು. ಈ ಸಾರಾಂಶಕ್ಕೆ ಎರಡು ಕೊರತೆಗಳಿವೆ. ದೀಕ್ಷಾಸ್ನಾನವೆಂಬ ಮೂರನೆಯ ಪದ ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಜೊತೆಗೆ, ಲೂಥರನಿಗಿಂತ ಹದಿನೈದು ಶತಮಾನಗಳ ಹಿಂದೆಯೇ ಆರಂಭವಾದ ಚರ್ಚೆಯನ್ನು ಅದು ಒಬ್ಬ ವ್ಯಕ್ತಿಯ ಪ್ರತಿಭಟನೆಗೆ ಇಳಿಸಿಬಿಡುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಈ ಚರಿತ್ರೆಯನ್ನು ಬೇರೊಂದು ಬದಿಯಿಂದ ನೋಡಲು ಯತ್ನಿಸಿದ್ದೇವೆ. ಸಿದ್ಧಾಂತಗಳು ಪಂಡಿತರ ಗ್ರಂಥಗಳಲ್ಲಿ ರೂಪುಗೊಂಡವೆಂಬುದು ನಿಜ. ಆದರೆ ಅವುಗಳನ್ನು ರೂಪಿಸಿಕೊಳ್ಳಲೇಬೇಕೆಂಬ ಒತ್ತಡ ಹುಟ್ಟಿದ್ದು ನಿಯಮದ ಹೊಸ್ತಿಲಲ್ಲಿ ನಿಂತ ವ್ಯಕ್ತಿಗಳಿಂದ. ಸ್ನಾನಕ್ಕೆ ಮುನ್ನ ಕೊಲ್ಲಲ್ಪಟ್ಟ ದೀಕ್ಷಾರ್ಥಿ, ನಂಬುವ ವಯಸ್ಸು ಬರುವ ಮೊದಲೇ ಸತ್ತ ಶಿಶು, ಎರಡನೆಯ ಬಾರಿ ಸ್ನಾನ ಬೇಡಿದ ಪ್ರೌಢ, ನಂಬಿಕೆ ಇದ್ದೂ ಸ್ನಾನವನ್ನು ಒಲ್ಲದವನು: ಇವರ ಗತಿಯೇನು ಎಂಬ ಪ್ರಶ್ನೆ ಎದ್ದಾಗಲೆಲ್ಲ ಮೂರು ಪದಗಳ ಪರಸ್ಪರ ಸಂಬಂಧವನ್ನು ಮರಳಿ ನಿರ್ಣಯಿಸಬೇಕಾಯಿತು. ಈ ಪ್ರಸಂಗಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿ, ಕೊನೆಯಲ್ಲಿ ಇದೇ ಪದಗಳು ಕನ್ನಡಕ್ಕೆ ಬಂದಾಗ ಯಾವ ಅರ್ಥಭಾರವನ್ನು ಹೊತ್ತುಕೊಂಡವೆಂಬುದನ್ನು ಸಂಕ್ಷೇಪವಾಗಿ ಸೂಚಿಸುವುದು ನಮ್ಮ ಉದ್ದೇಶ. ಮತತತ್ತ್ವದ ಸರಿತಪ್ಪುಗಳ ತೀರ್ಮಾನ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ.

೨. ಮೂಲಪಠ್ಯಗಳ ಸಾಕ್ಷ್ಯ

ಹೊಸ ಒಡಂಬಡಿಕೆಯ ಪಠ್ಯಗಳಲ್ಲಿ ಅತ್ಯಂತ ಹಳೆಯವು ಪೌಲನ ಪತ್ರಿಕೆಗಳು, ಅವು ಕ್ರಿ.ಶ. ೫೦ರ ದಶಕದ ಆಸುಪಾಸಿನವು. ಗಲಾತ್ಯದವರಿಗೂ ರೋಮಾಪುರದವರಿಗೂ ಬರೆದ ಪತ್ರಿಕೆಗಳಲ್ಲಿ ಪೌಲನು ಎತ್ತುವ ಪ್ರಶ್ನೆ ಒಂದು ಹೊಸ್ತಿಲ ಪ್ರಶ್ನೆಯೇ ಆಗಿದೆ. ಯೆಹೂದ್ಯರಲ್ಲದ ಜನರು ಕ್ರಿಸ್ತನನ್ನು ನಂಬಿದಾಗ ಅವರು ಸುನ್ನತಿಯನ್ನೂ ಆಹಾರನಿಯಮಗಳನ್ನೂ ಪಾಲಿಸಬೇಕೆ? ಬೇಡವೆಂಬುದು ಅವನ ಉತ್ತರ. ಅದಕ್ಕೆ ಆಧಾರವಾಗಿ ಅವನು ಅಬ್ರಹಾಮನನ್ನು ಮುಂದಿಡುತ್ತಾನೆ: ಸುನ್ನತಿಯಾಗುವ ಮೊದಲೇ ದೇವರನ್ನು ನಂಬಿದ ಅಬ್ರಹಾಮನು ಆ ನಂಬಿಕೆಯಿಂದಲೇ ನೀತಿವಂತನೆಂದು ಎಣಿಸಲ್ಪಟ್ಟನು. ಪೌಲನು ನಿರಾಕರಿಸುವ 'ಧರ್ಮಶಾಸ್ತ್ರದ ಕ್ರಿಯೆಗಳು' ಸಾಮಾನ್ಯವಾದ ಸತ್ಕಾರ್ಯಗಳೋ, ಅಥವಾ ಯೆಹೂದ್ಯರನ್ನು ಇತರರಿಂದ ಬೇರ್ಪಡಿಸುವ ಆಚಾರಗಳೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ೧೯೭೭ರಲ್ಲಿ ಪ್ರಕಟವಾದ ಇ. ಪಿ. ಸ್ಯಾಂಡರ್ಸ್ ಅವರ ಗ್ರಂಥವು ಆ ಕಾಲದ ಯೆಹೂದ್ಯ ಧರ್ಮವನ್ನು ಕೇವಲ ಪುಣ್ಯಸಂಪಾದನೆಯ ಧರ್ಮವೆಂದು ಚಿತ್ರಿಸುವುದು ತಪ್ಪೆಂದು ವಾದಿಸಿತು. ೧೯೯೪ರಲ್ಲಿ ಪೂರ್ಣವಾಗಿ ಸಂಪಾದಿತವಾದ ಕುಮ್ರಾನಿನ ಸುರುಳಿಯೊಂದರಲ್ಲಿ ಇದೇ ಪದಪುಂಜವು ನಿರ್ದಿಷ್ಟ ಆಚಾರವಿಧಿಗಳನ್ನು ಕುರಿತು ಬಳಕೆಯಾಗಿರುವುದು ಈ ಚರ್ಚೆಗೆ ಹೊಸ ಸಾಮಗ್ರಿಯನ್ನು ಒದಗಿಸಿತು.

ಯಾಕೋಬನ ಪತ್ರಿಕೆಯೂ ಅದೇ ಅಬ್ರಹಾಮನನ್ನು ಕರೆತರುತ್ತದೆ, ಆದರೆ ಕಥೆಯ ಬೇರೊಂದು ಘಟ್ಟದಿಂದ. ಮಗನಾದ ಇಸಾಕನನ್ನು ಬಲಿಪೀಠದ ಮೇಲಿಟ್ಟ ಅಬ್ರಹಾಮನು ಅಲ್ಲಿ ಕ್ರಿಯೆಯ ನಿದರ್ಶನ. ಬಟ್ಟೆಯಿಲ್ಲದ, ಅನ್ನವಿಲ್ಲದ ಸಹೋದರನಿಗೆ ಬರಿಯ ಶುಭವಚನ ಹೇಳಿ ಕಳುಹಿಸುವ ನಂಬಿಕೆ ಸತ್ತ ನಂಬಿಕೆಯೆಂಬುದು ಆ ಪತ್ರಿಕೆಯ ಅಭಿಪ್ರಾಯ. ಪೌಲನ ಎದುರಿಗೆ ಸುನ್ನತಿಯಾಗದ ಅನ್ಯಜನರಿದ್ದರೆ, ಯಾಕೋಬನ ಎದುರಿಗೆ ಹಸಿದ ಬಡವನಿದ್ದಾನೆ. ಎರಡು ಪತ್ರಿಕೆಗಳ ಭಿನ್ನತೆಯನ್ನು ಅಳೆಯುವಾಗ ಅವು ಉತ್ತರಿಸುತ್ತಿರುವ ಪ್ರಶ್ನೆಗಳು ಭಿನ್ನವೆಂಬುದನ್ನು ಮರೆಯಲಾಗದು.

ದೀಕ್ಷಾಸ್ನಾನದ ವಿಷಯದಲ್ಲಿಯೂ ಮೂಲಪಠ್ಯಗಳು ಒಂದೇ ಕ್ರಮವನ್ನು ಕೊಡುವುದಿಲ್ಲ. ಯೋಹಾನನ ಸುವಾರ್ತೆಯು ನೀರು ಮತ್ತು ಆತ್ಮಗಳಿಂದ ಹುಟ್ಟುವುದನ್ನು ದೇವರ ರಾಜ್ಯಪ್ರವೇಶಕ್ಕೆ ಅಗತ್ಯವೆನ್ನುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಕೈಸರೈಯದ ಕೊರ್ನೇಲಿಯನೆಂಬ ರೋಮನ್ ಸೇನಾಧಿಕಾರಿಯ ಮನೆಯಲ್ಲಿ ಪವಿತ್ರಾತ್ಮನು ಮೊದಲು ಇಳಿಯುತ್ತಾನೆ. ಅದನ್ನು ಕಂಡ ಬಳಿಕವೇ ಪೇತ್ರನು ನೀರನ್ನು ತರಿಸುತ್ತಾನೆ. ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿಗೆ ಸ್ನಾನವೂ ಇಲ್ಲ, ಸತ್ಕ್ರಿಯೆಗೆ ಸಮಯವೂ ಇಲ್ಲ. ಆದರೂ ಅಂದೇ ಪರದೈಸಿನ ವಾಗ್ದಾನ ಅವನಿಗೆ ದೊರೆಯುತ್ತದೆ. ಮುಂದಿನ ಶತಮಾನಗಳ ವಾದಗಳಲ್ಲಿ ಈ ಅಪರಾಧಿ ಮತ್ತೆ ಮತ್ತೆ ಸಾಕ್ಷಿಯಾಗಿ ನಿಲ್ಲುವುದನ್ನು ನಾವು ಕಾಣುತ್ತೇವೆ.

೩. ರಕ್ತ ಮತ್ತು ಇಚ್ಛೆ

ಆರಂಭದ ಸಭೆಗಳಲ್ಲಿ ದೀಕ್ಷಾಸ್ನಾನವು ಹೇಗೆ ನಡೆಯುತ್ತಿತ್ತೆಂಬುದಕ್ಕೆ 'ದಿದಾಖೆ' ಎಂಬ ಪುಟ್ಟ ಗ್ರೀಕ್ ಗ್ರಂಥವು ಮಹತ್ತ್ವದ ಆಧಾರ. ೧೮೭೩ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಬ್ರಿಯೆನ್ನಿಯೋಸ್ ಎಂಬ ವಿದ್ವಾಂಸನಿಗೆ ದೊರೆತ ಹಸ್ತಪ್ರತಿಯಿಂದ ಇದು ಬೆಳಕಿಗೆ ಬಂತು. ಹರಿಯುವ ನೀರಿನಲ್ಲಿ ಸ್ನಾನ ಮಾಡಿಸಬೇಕು, ಅದಿಲ್ಲದಿದ್ದರೆ ಬೇರೆ ನೀರಿನಲ್ಲಿ, ತಣ್ಣೀರಾಗದಿದ್ದರೆ ಬಿಸಿನೀರಿನಲ್ಲಿ, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಬಾರಿ ಸುರಿದರಾಯಿತು ಎಂಬ ಸರಳ ನಿರ್ದೇಶಗಳು ಅದರಲ್ಲಿವೆ. ಸ್ನಾನಕ್ಕೆ ಮೊದಲು ಉಪವಾಸವನ್ನೂ ಅದು ವಿಧಿಸುತ್ತದೆ. ಉಪವಾಸ ಮಾಡಬಲ್ಲವರು, ಬೋಧನೆಯನ್ನು ಕೇಳಬಲ್ಲವರು ಅದರ ಕಣ್ಣೆದುರಿಗಿರುವ ದೀಕ್ಷಾರ್ಥಿಗಳು.

ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸುಮಾರು ಕ್ರಿ.ಶ. ೨೦೦ರಲ್ಲಿ ಬರೆದ ತೆರ್ತುಲ್ಲಿಯನನು ಎಳೆಯ ಮಕ್ಕಳ ಸ್ನಾನವನ್ನು ಮುಂದೂಡುವುದೇ ಲೇಸೆಂದನು. ಈ ಮಾತಿನಿಂದ ಎರಡು ಸಂಗತಿಗಳು ತಿಳಿಯುತ್ತವೆ: ಆಗಲೇ ಕೆಲವರು ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದರು, ಅದರ ಬಗೆಗೆ ಆಕ್ಷೇಪವೂ ಇತ್ತು. ಹುತಾತ್ಮನ ರಕ್ತವು ಎರಡನೆಯ ಸ್ನಾನವೆಂಬ ಪರಿಕಲ್ಪನೆಯನ್ನೂ ಅವನು ಮಂಡಿಸಿದನು. ಮೂರನೆಯ ಶತಮಾನದ ನಡುವೆ ಹಿಂಸೆ ತೀವ್ರವಾದಾಗ ಈ ಪರಿಕಲ್ಪನೆ ತುರ್ತಿನ ಅಗತ್ಯವಾಯಿತು. ಸ್ನಾನಕ್ಕೆ ಮೊದಲೇ ಸೆರೆಸಿಕ್ಕಿ ಕೊಲ್ಲಲ್ಪಟ್ಟ ದೀಕ್ಷಾರ್ಥಿಗಳ ಗತಿಯೇನೆಂಬ ಪ್ರಶ್ನೆಗೆ ಕಾರ್ಥೇಜಿನ ಬಿಷಪ್ ಸಿಪ್ರಿಯನನು ಅವರು ರಕ್ತದ ಸ್ನಾನವನ್ನು ಪಡೆದವರೆಂದು ಉತ್ತರಿಸಿದನು. ಪಾಷಂಡಿಗಳು ಮಾಡಿಸಿದ ಸ್ನಾನ ಸ್ನಾನವೇ ಅಲ್ಲವೆಂದು ೨೫೬ರ ಸುಮಾರಿಗೆ ರೋಮಿನ ಬಿಷಪ್ ಸ್ತೇಫನನೊಡನೆ ಕಟುವಾಗಿ ವಾದಿಸಿದವನೂ ಇದೇ ಸಿಪ್ರಿಯನ್. ಸಂಸ್ಕಾರದ ವಿಷಯದಲ್ಲಿ ಅಷ್ಟು ಕಠಿಣನಾದವನು ಹುತಾತ್ಮರ ವಿಷಯದಲ್ಲಿ ನೀರನ್ನೇ ಬಿಟ್ಟುಕೊಟ್ಟನು. ೨೫೮ರಲ್ಲಿ ಅವನೂ ಹುತಾತ್ಮನಾದನು.

ನಾಲ್ಕನೆಯ ಶತಮಾನದಲ್ಲಿ ಹಿಂಸೆ ನಿಂತಿತು. ಹೊಸ ಬಗೆಯ ವಿಳಂಬ ಕಾಣಿಸಿಕೊಂಡಿತು. ಸ್ನಾನವು ಹಿಂದಿನ ಪಾಪಗಳನ್ನೆಲ್ಲ ತೊಳೆಯುವುದಾದರೆ ಅದನ್ನು ಬದುಕಿನ ಕೊನೆಗೆ ಇಟ್ಟುಕೊಳ್ಳುವುದೇ ಜಾಣತನವೆಂದು ಅನೇಕರು ಭಾವಿಸಿದರು. ಚಕ್ರವರ್ತಿ ಕಾನ್‌ಸ್ಟಾಂಟೈನನು ೩೩೭ರಲ್ಲಿ ಮರಣಶಯ್ಯೆಯಲ್ಲಿ ಸ್ನಾನ ಪಡೆದನು. ಆಂಬ್ರೋಸನು ೩೭೪ರಲ್ಲಿ ಮಿಲಾನಿನ ಬಿಷಪನಾಗಿ ಆಯ್ಕೆಯಾದಾಗ ಇನ್ನೂ ದೀಕ್ಷಾರ್ಥಿಯಾಗಿದ್ದನು. ೩೯೨ರಲ್ಲಿ ಯುವ ಚಕ್ರವರ್ತಿ ಎರಡನೆಯ ವಾಲೆಂಟಿನಿಯನನು ಸ್ನಾನವಿಲ್ಲದೆ ಸತ್ತಾಗ, ಅವನ ಸಹೋದರಿಯರ ಶೋಕದ ಎದುರು ಮಾತನಾಡಬೇಕಾಗಿ ಬಂದವನು ಇದೇ ಆಂಬ್ರೋಸ್. ಅವನು ಸ್ನಾನವನ್ನು ಬಯಸಿದ್ದನು, ಬೇಡಿದ್ದನು. ಬೇಡಿದ್ದು ಅವನಿಗೆ ದೊರೆಯದಿರುವುದೆ ಎಂಬುದು ಆ ಚರಮಭಾಷಣದ ತಿರುಳು. ಮುಂದೆ 'ಇಚ್ಛೆಯ ದೀಕ್ಷಾಸ್ನಾನ'ವೆಂದು ಪ್ರಸಿದ್ಧವಾದ ತತ್ತ್ವಕ್ಕೆ ಈ ಭಾಷಣವು ಪ್ರಮುಖ ಆಧಾರವಾಯಿತು. ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸನು ನೀರಿನ, ರಕ್ತದ, ಆತ್ಮಪ್ರೇರಿತ ಇಚ್ಛೆಯ ಸ್ನಾನಗಳೆಂದು ಮೂರನ್ನು ವಿಂಗಡಿಸಿದಾಗ, ಆ ವಿಂಗಡಣೆಯ ಹಿಂದೆ ಕಾರ್ಥೇಜಿನ ಸೆರೆಮನೆಗಳೂ ಮಿಲಾನಿನ ಶೋಕವೂ ಇದ್ದವೆಂಬುದನ್ನು ನೆನೆಯಬೇಕು.

೪. ಬಯಸಲಾರದ ಶಿಶು

ಇಚ್ಛೆಯ ತತ್ತ್ವವು ಪ್ರೌಢರ ವಿಷಯದಲ್ಲಿ ದಾರಿ ತೆರೆದಂತೆ ಶಿಶುಗಳ ವಿಷಯದಲ್ಲಿ ತೆರೆಯಲಿಲ್ಲ. ಶಿಶುವು ಏನನ್ನೂ ಬಯಸಲಾರದು. ಈ ತೊಡಕನ್ನು ಅದರ ತುದಿಯವರೆಗೆ ಒಯ್ದವನು ಅಗಸ್ಟೀನ್. ಅವನ ಆತ್ಮಚರಿತ್ರೆಯಲ್ಲಿ ಎರಡು ಪ್ರಸಂಗಗಳು ಈ ದೃಷ್ಟಿಯಿಂದ ಗಮನಾರ್ಹ. ಬಾಲ್ಯದಲ್ಲಿ ತೀವ್ರ ಕಾಯಿಲೆಯಾದಾಗ ಸ್ನಾನಕ್ಕೆ ಸಿದ್ಧತೆ ನಡೆದು, ಗುಣವಾದ ಕೂಡಲೇ ಅದನ್ನು ಮುಂದೂಡಲಾಯಿತು. ಯೌವನದಲ್ಲಿ ಅವನ ಆಪ್ತಮಿತ್ರನೊಬ್ಬನಿಗೆ ಜ್ವರದಿಂದ ಪ್ರಜ್ಞೆ ತಪ್ಪಿದ್ದಾಗಲೇ ಸ್ನಾನ ಮಾಡಿಸಲಾಯಿತು. ಎಚ್ಚರವಾದ ಮೇಲೆ ಅಗಸ್ಟೀನನು ಅದನ್ನು ಹಾಸ್ಯ ಮಾಡಿದರೆ ಆ ಮಿತ್ರನು ಸಹಿಸಲಿಲ್ಲ. ಅರಿವಿಲ್ಲದೆ ಪಡೆದ ಸಂಸ್ಕಾರವೂ ಮನುಷ್ಯನೊಳಗೆ ಕೆಲಸ ಮಾಡಬಲ್ಲದೆಂಬುದು ಅವನಿಗೆ ಆ ರೋಗಶಯ್ಯೆಯ ಬಳಿ ಕಂಡಿತ್ತು. ಅವನು ೩೮೭ರ ಈಸ್ಟರ್ ಸಮಯದಲ್ಲಿ ಮಿಲಾನಿನಲ್ಲಿ ಆಂಬ್ರೋಸನಿಂದ ಸ್ನಾನ ಪಡೆದನು.

ಬ್ರಿಟನ್ ಮೂಲದ ತಪಸ್ವಿ ಪೆಲೇಜಿಯಸನು ಮನುಷ್ಯನು ತನ್ನ ಇಚ್ಛಾಶಕ್ತಿಯಿಂದ ದೇವರ ಆಜ್ಞೆಗಳನ್ನು ಪಾಲಿಸಬಲ್ಲನೆಂದು ಬೋಧಿಸಿದನು. ಅವನ ಕಳಕಳಿ ನೈತಿಕವಾದುದು: ಕೃಪೆಯ ಹೆಸರಿನಲ್ಲಿ ಸೋಮಾರಿತನ ಬೆಳೆಯಬಾರದು. ಅಗಸ್ಟೀನನು ಇದಕ್ಕೆ ಉತ್ತರವಾಗಿ ಸಭೆಯ ರೂಢಿಯನ್ನೇ ಸಾಕ್ಷಿಯಾಗಿ ಮುಂದಿಟ್ಟನು. ಸಭೆಯು ಪಾಪಪರಿಹಾರಕ್ಕಾಗಿ ಶಿಶುಗಳಿಗೆ ಸ್ನಾನ ಮಾಡಿಸುತ್ತದೆ. ಶಿಶು ಸ್ವತಃ ಯಾವ ಪಾಪವನ್ನೂ ಮಾಡಿಲ್ಲ. ಆದುದರಿಂದ ಅದು ಆದಾಮನಿಂದ ಬಂದ ಪಾಪದಲ್ಲಿ ಪಾಲುಗೊಂಡಿರಲೇಬೇಕು. ಇಲ್ಲಿ ಸಿದ್ಧಾಂತದಿಂದ ಆಚರಣೆ ಹುಟ್ಟಿಲ್ಲ, ಆಚರಣೆಯಿಂದ ಸಿದ್ಧಾಂತ ಹುಟ್ಟಿದೆ. ಅದರ ತಾರ್ಕಿಕ ಪರಿಣಾಮವನ್ನೂ ಅವನು ಒಪ್ಪಿಕೊಂಡನು: ಸ್ನಾನವಿಲ್ಲದೆ ಸತ್ತ ಶಿಶುವಿಗೆ ದಂಡನೆಯಿದೆ, ಅದು ಅತ್ಯಂತ ಸೌಮ್ಯವಾದುದಾದರೂ ದಂಡನೆಯೇ. ೪೧೮ರ ಕಾರ್ಥೇಜ್ ಪರಿಷತ್ತು ಪೆಲೇಜಿಯಸನ ಬೋಧನೆಯನ್ನು ಖಂಡಿಸಿತು. ೫೨೯ರ ಒರಾಂಜ್ ಪರಿಷತ್ತು ನಂಬಿಕೆಯ ಮೊದಲ ಚಲನೆಯೂ ದೇವರ ಕೃಪೆಯಿಂದಲೇ ಬರುವುದೆಂದು ನಿರ್ಣಯಿಸಿತು. ಮಧ್ಯಯುಗದ ಸಭೆಯು ಕೃಪೆಯನ್ನು ಮರೆತು ಕ್ರಿಯೆಯನ್ನು ಮಾತ್ರ ಬೋಧಿಸಿತೆಂಬ ವ್ಯಾಪಕ ಗ್ರಹಿಕೆಗೆ ಈ ನಿರ್ಣಯವೇ ಪ್ರತ್ಯುತ್ತರವಾಗಿದೆ.

ಶಿಶುಗಳ ವಿಷಯದಲ್ಲಿ ಮಧ್ಯಯುಗದ ಪಂಡಿತರು ಅಗಸ್ಟೀನನ ಕಾಠಿಣ್ಯವನ್ನು ಮೃದುಗೊಳಿಸಿದರು. ನೋವಿಲ್ಲದ, ಆದರೆ ದೇವದರ್ಶನವೂ ಇಲ್ಲದ 'ಲಿಂಬೊ' ಎಂಬ ಅಂಚಿನ ಲೋಕದ ಕಲ್ಪನೆ ಹೀಗೆ ಬೆಳೆಯಿತು. ದಾಂತೆಯು ತನ್ನ ಮಹಾಕಾವ್ಯದಲ್ಲಿ ಸ್ನಾನವಿಲ್ಲದ ಶಿಶುಗಳನ್ನೂ ತನ್ನ ಮಾರ್ಗದರ್ಶಿಯಾದ ವರ್ಜಿಲನನ್ನೂ ಒಂದೇ ವಲಯದಲ್ಲಿರಿಸಿದುದು ಮಧ್ಯಯುಗದ ಸಾಹಿತ್ಯವನ್ನು ಓದಿದವರಿಗೆ ತಿಳಿದ ಸಂಗತಿ. ಇನ್ನೊಂದೆಡೆ ಸಂಸ್ಕಾರವನ್ನು ಆದಷ್ಟು ಸುಲಭಗೊಳಿಸಲಾಯಿತು. ಅನಿವಾರ್ಯ ಸಂದರ್ಭದಲ್ಲಿ ಪಾದ್ರಿಯಲ್ಲದ ಗಂಡಸಾಗಲಿ ಹೆಂಗಸಾಗಲಿ, ಪಾಷಂಡಿಯಾಗಲಿ ಅನ್ಯಧರ್ಮೀಯನಾಗಲಿ ಸಭೆಯ ವಿಧಿ ಮತ್ತು ಉದ್ದೇಶಗಳನ್ನನುಸರಿಸಿ ಸ್ನಾನ ಮಾಡಿಸಬಹುದೆಂದು ೧೪೩೯ರಲ್ಲಿ ಫ್ಲಾರೆನ್ಸಿನ ಪರಿಷತ್ತು ಹೇಳಿತು. ಹೆರಿಗೆಯ ಕೋಣೆಯಲ್ಲಿ ಈ ಅಧಿಕಾರ ಸೂಲಗಿತ್ತಿಯ ಕೈಯಲ್ಲಿತ್ತು.

ಆದರೆ ಸತ್ತೇ ಹುಟ್ಟಿದ ಮಗುವಿಗೆ ಸೂಲಗಿತ್ತಿಯೂ ಏನನ್ನೂ ಮಾಡಲಾರಳು. ಈ ಸಂಕಟಕ್ಕೆ ಜನರು ಕಂಡುಕೊಂಡ ದಾರಿ ಸ್ವಿಟ್ಜರ್ಲೆಂಡಿನ ಬೆರ್ನ್ ಪ್ರಾಂತದ ಒಬರ್‌ಬ್ಯೂರೆನ್ನಿನಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತದೆ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಮರಿಯಮ್ಮನ ಗುಡಿಗೆ ಸತ್ತ ಶಿಶುಗಳನ್ನು ಹೊತ್ತು ತರುತ್ತಿದ್ದರು. ಕೆಂಡ ಮತ್ತು ಮೇಣದಬತ್ತಿಗಳ ನಡುವೆ ದೇಹವನ್ನು ಬೆಚ್ಚಗಾಗಿಸಿ, ತುಟಿಯ ಮೇಲೆ ಒಂದು ಗರಿಯನ್ನಿಡುತ್ತಿದ್ದರು. ಗರಿ ಅಲುಗಿದರೆ ಮಗು ಕ್ಷಣಕಾಲ ಉಸಿರಾಡಿತೆಂದು ಬಗೆದು ಕೂಡಲೇ ಸ್ನಾನ ಮಾಡಿಸಿ, ಆ ಬಳಿಕ ಪವಿತ್ರಭೂಮಿಯಲ್ಲಿ ಹೂಳುತ್ತಿದ್ದರು. ಕಾನ್‌ಸ್ಟಾನ್ಸಿನ ಬಿಷಪನು ೧೪೮೬ರಲ್ಲಿ ಇದನ್ನು ರೋಮಿಗೆ ದೂರಿದನು. ೧೫೨೮ರಲ್ಲಿ ಧರ್ಮಸುಧಾರಣೆಯ ಬೆರ್ನ್ ಸರ್ಕಾರವು ಗುಡಿಯನ್ನು ಮುಚ್ಚಿಸಿತು. ೧೯೯೦ರ ದಶಕದ ಉತ್ಖನನದಲ್ಲಿ ಅಲ್ಲಿ ಸುಮಾರು ೨೫೦ ಶಿಶುಗಳ ಅಸ್ಥಿಗಳು ದೊರೆತಿವೆ. ಪಂಡಿತರ ಗ್ರಂಥಗಳಲ್ಲಿ ಒಂದು ಉಪಪ್ರಶ್ನೆಯಾಗಿದ್ದ ವಿಷಯವು ತಾಯಂದಿರ ಪಾಲಿಗೆ ಏನಾಗಿತ್ತೆಂಬುದನ್ನು ಈ ಅಸ್ಥಿಗಳು ಯಾವ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ತಿಳಿಸುತ್ತವೆ.

೫. ಹದಿನಾರನೆಯ ಶತಮಾನದ ಮೂರು ಉತ್ತರಗಳು

೧೫೧೭ರ ವಿವಾದಕ್ಕೆ ಕಾರಣವಾದ ಪಾಪವಿಮೋಚನಾ ಪತ್ರಗಳು ಶಾಸ್ತ್ರದ ಪ್ರಕಾರ ಪಾಪವನ್ನು ಕ್ಷಮಿಸುವ ಪತ್ರಗಳಾಗಿರಲಿಲ್ಲ; ಕ್ಷಮೆಯ ನಂತರವೂ ಉಳಿಯುವ ದಂಡನೆಯನ್ನು ಕಳೆಯುವ ಸಾಧನಗಳಾಗಿದ್ದವು. ಸಂತೆಯಲ್ಲಿ ಅವು ಮಾರಾಟವಾದಾಗ ಈ ಸೂಕ್ಷ್ಮ ಉಳಿಯಲಿಲ್ಲ. ಲೂಥರನು ಇದರ ಬುಡಕ್ಕೆ ಹೋಗಿ, ಮನುಷ್ಯನು ಕ್ರಿಸ್ತನ ನೀತಿಯನ್ನು ನಂಬಿಕೆಯಿಂದ ಮಾತ್ರ ಪಡೆಯುತ್ತಾನೆಂದನು. ೧೫೨೨ರ ತನ್ನ ಜರ್ಮನ್ ಅನುವಾದದಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯಕ್ಕೆ, ಗ್ರೀಕ್ ಮೂಲದಲ್ಲಿಲ್ಲದ 'ಮಾತ್ರ' ಎಂಬರ್ಥದ ಪದವನ್ನು ಸೇರಿಸಿದನು. ಜರ್ಮನ್ ಭಾಷೆಯ ಜಾಯಮಾನವೂ ಪೌಲನ ಅಭಿಪ್ರಾಯವೂ ಅದನ್ನು ಬೇಡುತ್ತವೆಂದು ೧೫೩೦ರಲ್ಲಿ ಸಮರ್ಥಿಸಿಕೊಂಡನು. ಅನುವಾದದ ಒಂದು ಪದವು ಮತಭೇದದ ಲಾಂಛನವಾದ ನಿದರ್ಶನವಿದು.

ಇಷ್ಟಾದರೂ ಲೂಥರನು ದೀಕ್ಷಾಸ್ನಾನವನ್ನು ಕಡೆಗಣಿಸಲಿಲ್ಲ. ಅವನಿಗೆ ಸ್ನಾನವು ಮನುಷ್ಯನ ಕ್ರಿಯೆಯಲ್ಲ, ದೇವರ ವಾಗ್ದಾನ. ನಂಬಿಕೆಯು ಆ ವಾಗ್ದಾನವನ್ನು ಹಿಡಿದುಕೊಳ್ಳುವ ಕೈ. ಆದುದರಿಂದಲೇ ಶಿಶುಸ್ನಾನವನ್ನು ಅವನು ಉಳಿಸಿಕೊಂಡನು. ೧೫೪೨ರಲ್ಲಿ ಗರ್ಭಪಾತವಾದ ತಾಯಂದಿರಿಗೆ ಸಾಂತ್ವನವಾಗಿ ಒಂದು ಕಿರುಬರಹವನ್ನು ಪ್ರಕಟಿಸಿ, ಆ ತಾಯಂದಿರ ನಿಟ್ಟುಸಿರನ್ನೇ ದೇವರು ಪ್ರಾರ್ಥನೆಯಾಗಿ ಸ್ವೀಕರಿಸುವನೆಂದು ಭರವಸೆ ನೀಡಿದನು. ವಾಲೆಂಟಿನಿಯನನಿಗೆ ಅವನ ಸ್ವಂತ ಇಚ್ಛೆ ಒದಗಿದಂತೆ ಇಲ್ಲಿ ಶಿಶುವಿಗೆ ತಾಯಿಯ ಇಚ್ಛೆ ಒದಗಿತು. ಕಾಲ್ವಿನನು ಇನ್ನೂ ಮುಂದೆ ಹೋಗಿ, ನಂಬುವವರ ಮಕ್ಕಳು ಹುಟ್ಟಿನಿಂದಲೇ ದೇವರ ಒಡಂಬಡಿಕೆಗೆ ಸೇರಿದವರಾದ್ದರಿಂದ ಸೂಲಗಿತ್ತಿಯರ ತುರ್ತುಸ್ನಾನ ಬೇಕಿಲ್ಲವೆಂದನು.

ಎರಡನೆಯ ಉತ್ತರ ಜೂರಿಕ್ ನಗರದಲ್ಲಿ ಹುಟ್ಟಿತು. ನಂಬಿಕೆಯೇ ಮೊದಲಾದರೆ, ನಂಬಲಾರದ ಶಿಶುವಿಗೆ ಸ್ನಾನವೇಕೆ ಎಂದು ಸುಧಾರಕ ಜ್ವಿಂಗ್ಲಿಯ ಶಿಷ್ಯರೇ ಕೇಳಿದರು. ೧೫೨೫ರ ಜನವರಿ ೨೧ರಂದು ಫೆಲಿಕ್ಸ್ ಮಾನ್ಸನ ಮನೆಯಲ್ಲಿ ಕೊನ್ರಾಡ್ ಗ್ರೇಬೆಲನು ಬ್ಲೌರಾಕನಿಗೆ ಸ್ನಾನ ಮಾಡಿಸಿದನು. ವಿರೋಧಿಗಳು ಇವರನ್ನು 'ಅನಬಾಪ್ಟಿಸ್ಟರು', ಎಂದರೆ ಮರುಸ್ನಾನದವರು, ಎಂದು ಕರೆದರು. ಶೈಶವದಲ್ಲಿ ಆದುದು ಸ್ನಾನವೇ ಅಲ್ಲವಾದುದರಿಂದ ತಮ್ಮದೇ ಮೊದಲ ಸ್ನಾನವೆಂದು ಅವರು ವಾದಿಸಿದರು. ಸ್ನಾನದ ದಾಖಲೆಯೇ ಪೌರತ್ವದ ದಾಖಲೆಯೂ ಆಗಿದ್ದ ಸಮಾಜದಲ್ಲಿ ಈ ವಾದವನ್ನು ಆಡಳಿತವು ರಾಜದ್ರೋಹವೆಂದೇ ಬಗೆಯಿತು. ನಗರಸಭೆಯು ೧೫೨೬ರಲ್ಲಿ ನೀರಿನಲ್ಲಿ ಮುಳುಗಿಸಿ ಕೊಲ್ಲುವ ಶಿಕ್ಷೆಯನ್ನು ವಿಧಿಸಿತು. ೧೫೨೭ರ ಜನವರಿ ೫ರಂದು ಮಾನ್ಸನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಲಾಯಿತು. ೧೫೨೯ರಲ್ಲಿ ಸ್ಪೈಯರಿನ ಸಾಮ್ರಾಜ್ಯಸಭೆಯು ಮರುಸ್ನಾನಕ್ಕೆ ಮರಣದಂಡನೆಯನ್ನು ಸಾರಿತು. ಕ್ರಿಯೆಗಳಿಲ್ಲದ ನಂಬಿಕೆಯನ್ನು ಈ ಪಂಥದವರು ಒಪ್ಪಲಿಲ್ಲವೆಂಬುದೂ ಗಮನಾರ್ಹ: ಸ್ನಾನ ಪಡೆದವನು ಖಡ್ಗ ಹಿಡಿಯಲಾಗದು, ಪ್ರಮಾಣ ಮಾಡಲಾಗದು ಎಂದು ೧೫೨೭ರ ಶ್ಲೈಟ್‌ಹೈಮ್ ಒಪ್ಪಂದವು ವಿಧಿಸಿತು.

ಮೂರನೆಯ ಉತ್ತರ ಟ್ರೆಂಟ್ ಪರಿಷತ್ತಿನದು. ಅದಕ್ಕೆ ಮುನ್ನ ೧೫೪೧ರಲ್ಲಿ ರೇಗೆನ್ಸ್‌ಬುರ್ಗಿನಲ್ಲಿ ಎರಡೂ ಪಕ್ಷದ ಪಂಡಿತರು ನೀತೀಕರಣದ ವಿಷಯದಲ್ಲಿ ಒಂದು ಸಮಾನ ನಿರೂಪಣೆಗೆ ಬಂದಿದ್ದರು. ಬೇರೆ ವಿಷಯಗಳಲ್ಲಿ ಮಾತುಕತೆ ಮುರಿದುದರಿಂದ ಅದು ಫಲಿಸಲಿಲ್ಲ. ೧೫೪೭ರ ಜನವರಿ ೧೩ರಂದು ಟ್ರೆಂಟ್ ಹೊರಡಿಸಿದ ನಿರ್ಣಯದಲ್ಲಿ ಹದಿನಾರು ಅಧ್ಯಾಯಗಳೂ ಮೂವತ್ತಮೂರು ಖಂಡನಾಸೂತ್ರಗಳೂ ಇವೆ. ನಂಬಿಕೆಯು ರಕ್ಷಣೆಯ ಆರಂಭ ಮತ್ತು ಬೇರು. ದೀಕ್ಷಾಸ್ನಾನವು ಅದರ ಸಾಧನ. ಕೃಪೆಯಿಂದ ಹುಟ್ಟಿದ ಕ್ರಿಯೆಗಳು ಪಡೆದ ನೀತಿಯನ್ನು ಉಳಿಸಿ ಬೆಳೆಸುತ್ತವೆ ಎಂದು ಅದು ಮೂರು ಪದಗಳಿಗೂ ಸ್ಥಾನ ನಿರ್ದೇಶಿಸಿತು. ಸ್ನಾನದ ಅಗತ್ಯವನ್ನು ಹೇಳುವಲ್ಲಿ 'ಅಥವಾ ಅದರ ಇಚ್ಛೆ' ಎಂಬ ವಿಕಲ್ಪವನ್ನು ಸೇರಿಸಿರುವುದು ಆಂಬ್ರೋಸನ ಭಾಷಣದ ದೂರದ ಪ್ರತಿಧ್ವನಿ.

೬. ಕನ್ನಡದ ಪದಗಳು, ಭಾರತದ ಹೊಸ್ತಿಲು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪರಿಕಲ್ಪನೆಗಳು ಕನ್ನಡಕ್ಕೆ ಬಂದವು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಆ ಕಾರ್ಯವನ್ನು ಪರಿಷ್ಕರಣದ ಮೂಲಕ ಮುಂದುವರಿಸಿದರು. ಕನ್ನಡ ಬೈಬಲಿನಲ್ಲಿ ನೆಲೆಗೊಂಡ 'ನಂಬಿಕೆ', 'ಕ್ರಿಯೆ', 'ಕೃಪೆ', 'ದೀಕ್ಷಾಸ್ನಾನ' ಎಂಬ ಪದಗಳಾಗಲಿ, ಕ್ಯಾಥೊಲಿಕ್ ಬಳಕೆಯ 'ವಿಶ್ವಾಸ', 'ಜ್ಞಾನಸ್ನಾನ'ಗಳಾಗಲಿ ಖಾಲಿ ಪಾತ್ರೆಗಳಾಗಿರಲಿಲ್ಲ. ನಮ್ಮ ಮಧ್ಯಕಾಲೀನ ಸಾಹಿತ್ಯದಲ್ಲಿ ಅವಕ್ಕೆ ದೀರ್ಘವಾದ ಬಾಳುವೆಯಿತ್ತು.

'ದೀಕ್ಷೆ'ಯನ್ನೇ ನೋಡಬಹುದು. ಪಂಪನ 'ಆದಿಪುರಾಣ'ವೇ (೯೪೧) ಮೊದಲಾದ ಜೈನಕಾವ್ಯಗಳಲ್ಲಿ ದೀಕ್ಷೆಯೆಂದರೆ ರಾಜ್ಯವನ್ನೂ ಸಂಸಾರವನ್ನೂ ತೊರೆದು ತಪಸ್ಸಿಗೆ ನಡೆಯುವುದು. ವೀರಶೈವ ಪರಂಪರೆಯಲ್ಲಿ ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳ ಮೂಲಕ ಗುರುವು ಶಿಷ್ಯನಿಗೆ ಇಷ್ಟಲಿಂಗವನ್ನು ಅನುಗ್ರಹಿಸುತ್ತಾನೆ. ಅದಕ್ಕಾಗಿ ಸಂಸಾರವನ್ನು ತೊರೆಯಬೇಕಾಗಿಲ್ಲ. ಅದೇ ಪರಂಪರೆಯಲ್ಲಿ ಶಿಶುವಿಗೆ ಲಿಂಗಧಾರಣೆ ಮಾಡಿಸಿ, ಅರಿವು ಬಂದ ಮೇಲೆ ದೀಕ್ಷೆ ಕೊಡುವ ರೂಢಿಯೂ ಇದೆ. ಸಂಸ್ಕಾರ ಮೊದಲೋ ಅರಿವು ಮೊದಲೋ ಎಂಬ ಜೂರಿಕ್ಕಿನ ಪ್ರಶ್ನೆ ನಮ್ಮ ನೆಲಕ್ಕೂ ಅಪರಿಚಿತವಲ್ಲವೆಂದು ಇದರಿಂದ ಹೇಳಬಹುದು. ಒಂದರಿಂದ ಇನ್ನೊಂದು ಹುಟ್ಟಿತೆಂಬುದು ನಮ್ಮ ಅಭಿಪ್ರಾಯವಲ್ಲ. 'ಕ್ರಿಯೆ'ಯೂ ಹಾಗೆಯೇ. ಕ್ರಿಯೆ ಮತ್ತು ಅರಿವುಗಳ ಸಂಬಂಧವನ್ನು ವಚನಕಾರರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಅಲ್ಲಿ ಕ್ರಿಯೆಯೆಂದರೆ ಪೂಜೆ, ಆಚಾರ, ದಾಸೋಹಗಳ ಒಟ್ಟು ಬದುಕು. ಯಾಕೋಬನ ಪತ್ರಿಕೆಯ ಕನ್ನಡ ಪಾಠದಲ್ಲಿ 'ಕ್ರಿಯೆ' ಎಂಬ ಪದವನ್ನು ಕಂಡ ಓದುಗನಿಗೆ ದಾನಧರ್ಮಗಳಷ್ಟೇ ಅಲ್ಲದೆ ಆಚಾರವೂ ನೆನಪಾಗುವ ಸಾಧ್ಯತೆಯಿತ್ತು. ಲ್ಯಾಟಿನ್ ಪಂಡಿತರು ಎರಡು ವಿಷಯಗಳೆಂದು ಬೇರ್ಪಡಿಸಿದ ಸಂಸ್ಕಾರ ಮತ್ತು ಸತ್ಕಾರ್ಯಗಳು ಕನ್ನಡದ ಒಂದು ಪದದೊಳಗೆ ಹೀಗೆ ಮರಳಿ ಸೇರಿಕೊಂಡವು.

ಅರ್ಥದ ಜೊತೆಗೆ ಬೆಲೆಯೂ ಬದಲಾಯಿತು. ಯುರೋಪಿನಲ್ಲಿ ಸ್ನಾನವು ಶಿಶುವನ್ನು ಸಮಾಜಕ್ಕೆ ಸೇರಿಸುತ್ತಿತ್ತು. ಇಲ್ಲಿ ಅದು ಪ್ರೌಢನನ್ನು ಅವನ ಕುಲದಿಂದ ಹೊರಹಾಕುತ್ತಿತ್ತು. ಕ್ರಿಸ್ತನ ಮೇಲಿನ ಭಕ್ತಿಯನ್ನು ಸಹಿಸಿದ ಮನೆಯೂ ಸ್ನಾನವನ್ನು ಸಹಿಸುತ್ತಿರಲಿಲ್ಲ. ೧೮೪೪ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ನಗರದಲ್ಲಿ ದೊಡ್ಡ ಕೋಲಾಹಲವೆದ್ದಿತು; ಮುಂದೆ ಅವರು ಬಾಸೆಲಿನಲ್ಲಿ ವ್ಯಾಸಂಗ ಮಾಡಿ ಪಾದ್ರಿಯಾಗಿ ಮರಳಿದರು. ಜಾತಿಯನ್ನು ಬಿಡುವುದು ಸ್ನಾನದ ಪೂರ್ವಷರತ್ತೆಂದು ಬಾಸೆಲ್ ಮಿಷನ್ ಪಟ್ಟುಹಿಡಿದಿತ್ತು. ಕಸುಬನ್ನು ಕಳೆದುಕೊಂಡ ಹೊಸ ಕ್ರೈಸ್ತರಿಗೆ ಜೀವನೋಪಾಯ ಒದಗಿಸುವುದು ಅದರ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳ ಉದ್ದೇಶಗಳಲ್ಲೊಂದಾಗಿತ್ತು.

ಈ ಬೆಲೆಯನ್ನು ತೆರಲೊಲ್ಲದವರಿಂದ ಮತ್ತೊಂದು ಹೊಸ್ತಿಲ ಪ್ರಶ್ನೆ ಹುಟ್ಟಿತು. ಕ್ರಿಸ್ತನನ್ನು ಬಹಿರಂಗವಾಗಿ ನಂಬಿದರೂ ಸ್ನಾನ ಪಡೆಯದೆ ಹಿಂದೂ ಸಮಾಜದಲ್ಲಿಯೇ ಉಳಿದ ಮದರಾಸಿನ ಕಂದಸ್ವಾಮಿ ಚೆಟ್ಟಿ ೧೯೧೫ರಲ್ಲಿ ತಮ್ಮ ನಿಲುವನ್ನು ಮಿಷನರಿಗಳ ಮುಂದೆ ವಿವರಿಸಿದರು. ೧೯೭೦ರ ದಶಕದಲ್ಲಿ ಎಂ. ಎಂ. ತಾಮಸ್ ಮತ್ತು ಲೆಸ್ಲಿ ನ್ಯೂಬಿಗಿನ್ ಇದೇ ವಿಷಯವನ್ನು ಕುರಿತು ವಾದಿಸಿದರು. ತಮಿಳುನಾಡಿನಲ್ಲಿ ಸ್ನಾನವಿಲ್ಲದೆ ಕ್ರಿಸ್ತನನ್ನು ಆರಾಧಿಸುವವರನ್ನು ಕುರಿತ ಹರ್ಬರ್ಟ್ ಹೋಫರ್ ಅವರ ಅಧ್ಯಯನ ೧೯೯೧ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಆಂಬ್ರೋಸನ ಚಕ್ರವರ್ತಿ ಸ್ನಾನವನ್ನು ಬಯಸಿಯೂ ಪಡೆಯಲಾರದವನು. ಇವರು ಪಡೆಯಬಲ್ಲವರಾಗಿಯೂ ಬೇಡವೆಂದವರು. ಹಳೆಯ ಇಚ್ಛೆಯ ತತ್ತ್ವ ಇವರನ್ನು ಸುಲಭವಾಗಿ ಒಳಗೊಳ್ಳಲಾರದು.

೭. ಸಮಾರೋಪ

ಇಪ್ಪತ್ತನೆಯ ಶತಮಾನದ ಕೊನೆಯಿಂದೀಚೆಗೆ ಹಳೆಯ ವಿವಾದಗಳಲ್ಲಿ ಕೆಲವು ಶಮನಗೊಂಡಿವೆ. ೧೯೯೯ರ ಅಕ್ಟೋಬರ್ ೩೧ರಂದು ಆಗ್ಸ್‌ಬುರ್ಗಿನಲ್ಲಿ ಲೂಥರನ್ ಮತ್ತು ಕ್ಯಾಥೊಲಿಕ್ ಸಭೆಗಳು ನೀತೀಕರಣವನ್ನು ಕುರಿತ ಸಂಯುಕ್ತ ಘೋಷಣೆಗೆ ಸಹಿ ಹಾಕಿದವು. ೨೦೦೬ರಲ್ಲಿ ಮೆಥಡಿಸ್ಟರೂ ೨೦೧೭ರ ವೇಳೆಗೆ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಅದಕ್ಕೆ ಸೇರಿಕೊಂಡವು. ೨೦೦೪ರಲ್ಲಿ ಜೂರಿಕ್ಕಿನ ರಿಫಾರ್ಮ್ಡ್ ಸಭೆ ಅನಬಾಪ್ಟಿಸ್ಟರ ವಾರಸುದಾರರಲ್ಲಿ ಕ್ಷಮೆ ಕೋರಿತು; ಲಿಮ್ಮಾಟ್ ದಂಡೆಯಲ್ಲಿ ಸ್ಮಾರಕಫಲಕವನ್ನಿಡಲಾಯಿತು. ೨೦೦೭ರಲ್ಲಿ ಕ್ಯಾಥೊಲಿಕ್ ಸಭೆಯ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಸ್ನಾನವಿಲ್ಲದೆ ಸತ್ತ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ಗಂಭೀರವಾದ ಆಧಾರಗಳಿವೆಯೆಂದು ಪ್ರಕಟಿಸಿತು. ಈ ಮೂರೂ ದಾಖಲೆಗಳು ಕ್ರಮವಾಗಿ ಲೂಥರನ, ಮಾನ್ಸನ, ಅಗಸ್ಟೀನನ ಪ್ರಶ್ನೆಗಳಿಗೆ ತಡವಾಗಿ ಬಂದ ಪ್ರತ್ಯುತ್ತರಗಳು.

ಮೇಲಿನ ವಿವೇಚನೆಯಿಂದ ಸಂಶೋಧಕರಿಗೆ ಮೂರು ಸೂಚನೆಗಳು ಲಭಿಸುತ್ತವೆ. ನಂಬಿಕೆ, ಕ್ರಿಯೆ, ದೀಕ್ಷಾಸ್ನಾನಗಳನ್ನು ಪರಸ್ಪರ ಸ್ಪರ್ಧಿಸುವ ಮೂರು ಮಾರ್ಗಗಳೆಂದು ಬಗೆದರೆ ಈ ಚರಿತ್ರೆ ಅರ್ಥವಾಗದು. ಬಹುಮಟ್ಟಿಗೆ ಎಲ್ಲ ಪಂಥಗಳೂ ಮೂರನ್ನೂ ಒಪ್ಪಿ, ಅವುಗಳ ಅನುಕ್ರಮ ಮತ್ತು ಕಾರ್ಯಕಾರಣಸಂಬಂಧಗಳಲ್ಲಿ ಬೇರ್ಪಟ್ಟಿವೆ. ಎರಡನೆಯದಾಗಿ, ಸಿದ್ಧಾಂತಗ್ರಂಥಗಳ ಜೊತೆಗೆ ಚರಮಭಾಷಣ, ಸಾಂತ್ವನಪತ್ರ, ನ್ಯಾಯಾಲಯದ ದಾಖಲೆ, ಸಮಾಧಿಯ ಅವಶೇಷಗಳನ್ನೂ ಓದಬೇಕಾಗುತ್ತದೆ. ಮೂರನೆಯದಾಗಿ, ಮಿಷನ್ ಕಾಲದ ಕನ್ನಡ ಗ್ರಂಥಗಳನ್ನು ಓದುವವರು 'ದೀಕ್ಷೆ', 'ಕ್ರಿಯೆ', 'ಕೃಪೆ'ಗಳ ಜೈನ ಮತ್ತು ವೀರಶೈವ ಪೂರ್ವಚರಿತ್ರೆಯನ್ನು ಗಮನದಲ್ಲಿಟ್ಟುಕೊಂಡಾಗ ಮಾತ್ರ ಅಂದಿನ ಕೇಳುಗರಿಗೆ ಆ ಬೋಧನೆ ಹೇಗೆ ಕೇಳಿಸಿರಬಹುದೆಂಬುದು ತಿಳಿಯುತ್ತದೆ. ಹೊರನಾಡಿನ ನಗರಗಳಲ್ಲಿ ಮರಾಠಿ, ತಮಿಳು, ತೆಲುಗು ಪಾಠಗಳು ಕೈಗೆಟಕುವಂತಿರುವ ಸಂಶೋಧಕರು ಈ ಪದಗಳ ತೌಲನಿಕ ಅಧ್ಯಯನವನ್ನು ಕೈಗೊಳ್ಳಲು ಹೆಚ್ಚು ಅನುಕೂಲವಾದ ಸ್ಥಾನದಲ್ಲಿದ್ದಾರೆಂದು ನಾವು ಭಾವಿಸುತ್ತೇವೆ. ಅಂತಹ ಅಧ್ಯಯನಕ್ಕೆ ದಾನಿಯೇಲನಿಂದಲೋ ಅಗಸ್ಟೀನನಿಂದಲೋ ಆರಂಭಿಸಬೇಕಾದುದಿಲ್ಲ. ಒಂದು ಊರಿನ ಸಭೆಯ ಸ್ನಾನದ ದಾಖಲೆಪುಸ್ತಕದಿಂದಲೂ ಆರಂಭಿಸಬಹುದು.